ಐದು ದಿನದ ಬೆಲ್ಜಿಯಂ: ಎಷ್ಟು ಊರು ನೋಡೋದು, ಯಾವ ಊರಲ್ಲಿ ಮಲಗೋದು?

ಪ್ರಶ್ನೆ:

"ನಮಸ್ಕಾರ ಸರ್. ನಾನು ದಾವಣಗೆರೆಯವನು, ವಯಸ್ಸು 63. ಬ್ಯಾಂಕಿನಿಂದ ನಿವೃತ್ತನಾಗಿ ಮೂರು ವರ್ಷವಾಯಿತು. ಮಗಳು, ಅಳಿಯ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿದ್ದಾರೆ. ಜೂನ್, ಜುಲೈ ಎರಡು ತಿಂಗಳು ಅವರ ಜೊತೆ ಇರಲು ನಾನು, ನನ್ನ ಹೆಂಡತಿ ಹೊರಟಿದ್ದೇವೆ. ವೀಸಾ ಬಂದಿದೆ. ಜೂನ್ ಮೂರನೇ ವಾರ ಮಕ್ಕಳಿಗೆ ರಜೆ ಇಲ್ಲ. ಆಗ ಐದು ದಿನ ನಾವಿಬ್ಬರೇ ಪಕ್ಕದ ಬೆಲ್ಜಿಯಂ ನೋಡಿಕೊಂಡು ಬರೋಣ ಅಂತ ಆಸೆ. ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಪ್ಯಾಕೇಜ್ ಟೂರಿನಲ್ಲಿ ಹೋಗಿ ಬಂದ ಗೆಳೆಯರೊಬ್ಬರು 'ಅಲ್ಲೇನಿದೆ, ಉಚ್ಚೆ ಹೊಯ್ಯುವ ಹುಡುಗನ ಬೊಂಬೆ, ಚಾಕೊಲೇಟ್ ಅಂಗಡಿ, ಅರ್ಧ ದಿನ ಸಾಕು' ಅಂದರು. ನನ್ನ ಷಡ್ಡಕರು ದಿನಕ್ಕೊಂದರಂತೆ ಐದು ಊರಿನ ಪಟ್ಟಿಯನ್ನೇ ಬರೆದುಕೊಟ್ಟಿದ್ದಾರೆ: ಆಂಟ್‌ವರ್ಪ್, ಬ್ರಸೆಲ್ಸ್, ಬ್ರೂಜ್, ಗೆಂಟ್, ದಿನಾಂ. ನಮ್ಮದು ನೆದರ್ಲೆಂಡ್ಸ್ ವೀಸಾ, ಬೆಲ್ಜಿಯಂಗೆ ಬೇರೆ ಬೇಕಾ? ನಾವು ಮೊಟ್ಟೆಯನ್ನೂ ತಿನ್ನದವರು. ಹೆಂಡತಿಗೆ ಮಂಡಿ ನೋವಿದೆ. ಬ್ರಸೆಲ್ಸ್‌ನಲ್ಲಿ ಜೇಬುಗಳ್ಳರು ಜಾಸ್ತಿ ಅಂತಲೂ ಕೇಳಿದೆ. ಇಂಗ್ಲಿಷ್ ಬರುತ್ತದೆ, ಫ್ರೆಂಚ್ ಗೊತ್ತಿಲ್ಲ. ಯಾವ ಊರು ನೋಡಬೇಕು, ಯಾವುದನ್ನು ಬಿಡಬೇಕು?"

ಉತ್ತರ:

ಸರ್, ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿವೆ. ಆದರೆ ಎಲ್ಲದರ ಹಿಂದೆ ಇರುವ ಚಿಂತೆ ಒಂದೇ ಅನ್ನಿಸಿತು. ಅಷ್ಟು ದೂರ ಹೋಗಿ ಏನಾದರೂ ನೋಡದೆ ಉಳಿದುಬಿಟ್ಟರೆ? ಹದಿನೆಂಟು ವರ್ಷದಿಂದ ನಮ್ಮ ಕಡೆಯವರನ್ನು ಯೂರೋಪ್ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಜನರನ್ನು ದಿನಕ್ಕೊಂದು ಹೋಟೆಲಿಗೆ ಓಡಿಸುವುದು ಈ ಚಿಂತೆಯೇ.

ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಗೆಂಟ್‌ನಲ್ಲಿ ಒಂದೇ ಕಡೆ ನಾಲ್ಕು ರಾತ್ರಿಗೆ ಕೋಣೆ ಹಿಡಿಯಿರಿ. ಬ್ರೂಜ್ ಮತ್ತು ಬ್ರಸೆಲ್ಸ್‌ಗೆ ಅಲ್ಲಿಂದಲೇ ಹೋಗಿ ಬನ್ನಿ. ವಾಪಸ್ ಹೊರಡುವ ದಿನ ಆಂಟ್‌ವರ್ಪ್ ನೋಡಿ. ದಿನಾಂ ಬಿಡಿ.

ಮೊದಲು ಆ 'ಅರ್ಧ ದಿನ ಸಾಕು' ಎಂಬ ಮಾತು. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ, ಅವರಿಗೆ ತೋರಿಸಿದ್ದೇ ಅಷ್ಟು. ನಮ್ಮ ಗುಂಪುಗಳ ಬಸ್ಸು ಹೆಚ್ಚಾಗಿ ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಹೋಗುತ್ತದೆ. ಒಟ್ಟು ಐನೂರು ಕಿಲೋಮೀಟರ್ ದಾರಿ. ಯೂರೋಪಿನ ಕಾನೂನಿನ ಪ್ರಕಾರ ನಾಲ್ಕೂವರೆ ಗಂಟೆ ಬಸ್ಸು ಓಡಿಸಿದ ಡ್ರೈವರ್ 45 ನಿಮಿಷ ನಿಲ್ಲಲೇಬೇಕು. ಜನರಿಗೂ ಊಟ ಆಗಬೇಕು. ಬ್ರಸೆಲ್ಸ್ ಸರಿಯಾಗಿ ಆ ದಾರಿಯಲ್ಲಿ ಸಿಗುತ್ತದೆ. ಹಾಗಾಗಿ ಅಟೋಮಿಯಂ ಎಂಬ ದೊಡ್ಡ ಲೋಹದ ಕಟ್ಟಡದ ಮುಂದೆ ಒಂದು ಫೋಟೊ, ಗ್ರಾಂ ಪ್ಲಾಸ್ ಚೌಕದಲ್ಲಿ ಒಂದು ಗಂಟೆ, ಆ ಬೊಂಬೆ, ಚಾಕೊಲೇಟ್, ಮತ್ತೆ ಬಸ್ಸು. ಮೊದಲ ಆರೇಳು ವರ್ಷ ನಾನೂ ಇದನ್ನೇ ಮಾಡಿಸಿದ್ದೇನೆ. 'ಬೆಲ್ಜಿಯಂ ದರ್ಶನ' ಅಂತ ಹೆಸರು ಬೇರೆ. ಅಂದಹಾಗೆ ಆ ಬೊಂಬೆ 55 ಸೆಂಟಿಮೀಟರ್ ಎತ್ತರ ಅಷ್ಟೇ. ಬೀದಿಯಲ್ಲಿರುವುದು ನಕಲು. 1619ರ ಅಸಲಿ ಬೊಂಬೆ ಗ್ರಾಂ ಪ್ಲಾಸ್‌ನಲ್ಲೇ ಇರುವ ನಗರ ವಸ್ತುಸಂಗ್ರಹಾಲಯದ ಒಳಗಿದೆ.

ನಿಮ್ಮ ಷಡ್ಡಕರ ಪಟ್ಟಿ ಇದಕ್ಕೆ ಸರಿ ಉಲ್ಟಾ. ಊರುಗಳನ್ನೇನೋ ಚೆನ್ನಾಗಿ ಆರಿಸಿದ್ದಾರೆ. ಆದರೆ ದಿನಾ ಗಂಟು ಮೂಟೆ ಕಟ್ಟುವ ಲೆಕ್ಕ ಹಾಕಿ ನೋಡಿ, ನೀವು ಬ್ಯಾಂಕಿನವರು. ಬಹಳಷ್ಟು ಹೋಟೆಲುಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಕೋಣೆ ಬಿಡಬೇಕು, ಮುಂದಿನ ಊರಿನ ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ. ನಡುವಿನ ನಾಲ್ಕು ಗಂಟೆ ಸೂಟ್‌ಕೇಸ್ ಎಳೆದುಕೊಂಡು ಕಲ್ಲುಹಾಸಿನ ಮೇಲೆ ನಡೆಯುತ್ತೀರಿ. ಇಡೀ ಬೆಲ್ಜಿಯಂ ಸುಮಾರು 30,700 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಆರನೇ ಒಂದು ಪಾಲೂ ಇಲ್ಲ. ಬ್ರಸೆಲ್ಸ್‌ನಿಂದ ಬ್ರೂಜ್‌ಗೆ ಇರುವ ದೂರ ಬೆಂಗಳೂರು-ಮೈಸೂರಿಗಿಂತ ಕಡಿಮೆ. ಗೆಂಟ್‌ನಿಂದ ಬ್ರೂಜ್‌ಗೆ ರೈಲಿನಲ್ಲಿ ಇಪ್ಪತ್ತೈದು ನಿಮಿಷ. ಬ್ರಸೆಲ್ಸ್‌ಗೆ ಅರ್ಧ ಗಂಟೆಯ ಆಸುಪಾಸು. ಆಂಟ್‌ವರ್ಪ್‌ಗೆ ಒಂದು ಗಂಟೆ. ಗಂಟೆಗೆ ಒಂದಕ್ಕಿಂತ ಹೆಚ್ಚು ರೈಲು. ಸೀಟು ಕಾಯ್ದಿರಿಸುವ ಗೋಜಿಲ್ಲ. ಇಷ್ಟು ಚಿಕ್ಕ ದೇಶದಲ್ಲಿ ಹಾಸಿಗೆ ಬದಲಿಸಬೇಕಾ?

ವೀಸಾ ವಿಷಯ ಬೇಗ ಮುಗಿಸೋಣ. ಬೇರೆ ವೀಸಾ ಬೇಡ. ನೀವು ಹೆಚ್ಚು ದಿನ ಇರುವುದು ನೆದರ್ಲೆಂಡ್ಸ್‌ನಲ್ಲಿ, ಆದ್ದರಿಂದ ಆ ದೇಶದ ಷೆಂಗನ್ ವೀಸಾ ಪಡೆದಿದ್ದೇ ಸರಿ. ಅದೇ ವೀಸಾದಲ್ಲಿ ಬೆಲ್ಜಿಯಂಗೂ ಹೋಗಬಹುದು. ಗಡಿ ದಾಟಿದ್ದು 'ಎಂಟ್ರಿ' ಲೆಕ್ಕಕ್ಕೆ ಬರುವುದಿಲ್ಲ, ಸಿಂಗಲ್ ಎಂಟ್ರಿ ಆದರೂ ಚಿಂತೆಯಿಲ್ಲ. ಆದರೆ ಪಾಸ್‌ಪೋರ್ಟ್ ಮಗಳ ಮನೆಯಲ್ಲಿ ಬಿಟ್ಟು ಹೋಗಬೇಡಿ. ರೈಲಿನಲ್ಲಿ ಪೊಲೀಸರು ಒಮ್ಮೊಮ್ಮೆ ಕೇಳುತ್ತಾರೆ. ಜೆರಾಕ್ಸ್ ಸಾಲದು. ಇನ್ನೊಂದು, ಬ್ರಸೆಲ್ಸ್ ಸ್ಟೇಷನ್ನಿನಲ್ಲಿ ಲಂಡನ್ ರೈಲಿನ ಬೋರ್ಡು ಕಂಡು 'ಎರಡು ಗಂಟೆ ದಾರಿ ತಾನೇ' ಅಂತ ಆಸೆಪಟ್ಟವರನ್ನು ನೋಡಿದ್ದೇನೆ. ಲಂಡನ್‌ಗೆ ಬೇರೆ ವೀಸಾ ಬೇಕು. ಹೋಗಿ ವಾಪಸ್ ಬರಲು ನಿಮ್ಮ ಷೆಂಗನ್ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು.

ಇನ್ನು ಊರುಗಳು. ಎಲ್ಲರೂ ಮೊದಲು ಹೇಳುವುದು ಬ್ರೂಜ್. ಕಾಲುವೆ, ಹಂಸ, ಮೊನಚು ಗೋಪುರ, ಇಟ್ಟಿಗೆ ಮನೆ. ಫೋಟೊದಲ್ಲಿ ಕಂಡ ಹಾಗೇ ಇರುತ್ತದೆ, ಅದರಲ್ಲಿ ಮೋಸವಿಲ್ಲ. ಆದರೆ ಅದು ಹಾಗೆ ಉಳಿದದ್ದು ಯಾಕೆ ಅನ್ನುವುದು ನಿಮಗೆ ಇಷ್ಟವಾಗಬಹುದು. 13ರಿಂದ 15ನೇ ಶತಮಾನದವರೆಗೆ ಬ್ರೂಜ್ ಉತ್ತರ ಯೂರೋಪಿನ ದೊಡ್ಡ ವ್ಯಾಪಾರದ ಊರು. ಸಮುದ್ರದಿಂದ ಬರುವ ಜ್ವಿನ್ ಎಂಬ ನೀರಿನ ದಾರಿ ಹಡಗುಗಳನ್ನು ಹತ್ತಿರಕ್ಕೆ ತರುತ್ತಿತ್ತು. ಇಟಲಿಯ ವೆನಿಸ್, ಜಿನೋವಾ, ಫ್ಲಾರೆನ್ಸ್‌ನ ವರ್ತಕರು ಒಂದು ಛತ್ರದ ಸುತ್ತ ಸೇರಿ ಹುಂಡಿ, ಸಾಲ, ನಾಣ್ಯ ವಿನಿಮಯದ ವ್ಯವಹಾರ ಮಾಡುತ್ತಿದ್ದರು. ಆ ಛತ್ರ ನಡೆಸುತ್ತಿದ್ದವರು ವಾನ್ ಡೆರ್ ಬ್ಯೂರ್ಸ್ ಮನೆತನದವರು. ಯೂರೋಪಿನಲ್ಲಿ ಷೇರುಪೇಟೆಗೆ 'ಬೋರ್ಸ್' ಅಂತಾರಲ್ಲ, ಆ ಹೆಸರು ಬಂದದ್ದು ಈ ಮನೆಯಿಂದ ಎನ್ನುತ್ತಾರೆ. ಮನೆ ಈಗಲೂ ಅಲ್ಲಿದೆ. ಗೈಡುಗಳು ಅಲ್ಲಿ ಹೆಚ್ಚು ನಿಲ್ಲುವುದಿಲ್ಲ. ನೀವು ನಿಲ್ಲಿ.

ಆಮೇಲೆ ಜ್ವಿನ್‌ನಲ್ಲಿ ಹೂಳು ತುಂಬಿತು. ಹಡಗುಗಳು ಆಂಟ್‌ವರ್ಪ್‌ಗೆ ಹೋದವು. ಹಣ ಹಡಗಿನ ಹಿಂದೆಯೇ ಹೋಯಿತು. ಬ್ರೂಜ್ ಬಡವಾಯಿತು, ಹಳೇ ಮನೆ ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ದುಡ್ಡಿಲ್ಲ. ನಾವು ಇವತ್ತು ಟಿಕೆಟ್ ಕೊಟ್ಟು ನೋಡುವ ಅಂದ ಆ ಬಡತನ ಉಳಿಸಿಕೊಟ್ಟದ್ದು. ಹಾಗಂತ ಕಂಡದ್ದೆಲ್ಲ ಐನೂರು ವರ್ಷ ಹಳೆಯದು ಅಂದುಕೊಳ್ಳಬೇಡಿ. ಎಷ್ಟೋ ಮನೆಗಳ ಮುಂಭಾಗಗಳು 19ನೇ ಶತಮಾನದಲ್ಲಿ ಹಳೆಯ ಶೈಲಿಯಲ್ಲಿ ಹೊಸದಾಗಿ ಮಾಡಿದವು.

ಬ್ರೂಜ್‌ನ ಕಷ್ಟ ಜನಜಂಗುಳಿ. ಹತ್ತಿರದ ಜೇಬ್ರೂಖೆ ಬಂದರಿಗೆ ಬಂದ ದೊಡ್ಡ ಹಡಗುಗಳ ಪ್ರವಾಸಿಗರು, ಪ್ಯಾರಿಸ್, ಬ್ರಸೆಲ್ಸ್‌ನಿಂದ ಬಂದ ಬಸ್ಸುಗಳು. ಬೆಳಿಗ್ಗೆ ಹನ್ನೊಂದರಿಂದ ನಾಲ್ಕರವರೆಗೆ ದಸರಾ ಮೆರವಣಿಗೆಯ ದಿನದ ಮೈಸೂರು ನೆನಪಾಗುತ್ತದೆ. ಐದಾದ ಮೇಲೆ ಎಲ್ಲ ಖಾಲಿ. ಕಾಲುವೆಯ ಪಕ್ಕ ನಿಮ್ಮ ಚಪ್ಪಲಿ ಸದ್ದು ನಿಮಗೇ ಕೇಳುತ್ತದೆ. ಅದಕ್ಕೇ ಕೆಲವರು 'ಬ್ರೂಜ್‌ನಲ್ಲೇ ಉಳಿಯಬೇಕು' ಅನ್ನುವುದು. ಮಾತು ಸರಿ. ಆದರೆ ಕೋಣೆ ದುಬಾರಿ, ಉಳಿದ ಊರುಗಳಿಗೆ ಹೋಗಲು ಮೂಲೆ. ನಿಮ್ಮ ತಿಂಗಳಲ್ಲಿ ಒಂದು ಅನುಕೂಲ ಇದೆ: ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಎಲ್ಲರೂ ವಾಪಸ್ ಹೊರಡುವ ಹೊತ್ತಿಗೆ, ಅಂದರೆ ಮಧ್ಯಾಹ್ನ ಎರಡೂವರೆಗೆ ಗೆಂಟ್ ಬಿಡಿ. ಮೊದಲು ಅವರ್ ಲೇಡಿ ಚರ್ಚಿಗೆ ಹೋಗಿ. ಮೈಕೆಲೆಂಜೆಲೊ ಕೆತ್ತಿದ ಬಿಳಿ ಅಮೃತಶಿಲೆಯ ತಾಯಿ-ಮಗು ಅಲ್ಲಿದೆ. ಅವನು ಬದುಕಿದ್ದಾಗಲೇ ಬ್ರೂಜ್‌ನ ವರ್ತಕರು ಕೊಂಡು ತಂದದ್ದು. ಒಮ್ಮೆ ಫ್ರೆಂಚರು, ಇನ್ನೊಮ್ಮೆ ಜರ್ಮನ್ನರು ಹೊತ್ತೊಯ್ದರು, ಎರಡು ಸಲವೂ ವಾಪಸ್ ಬಂತು. ಅದು ಮುಗಿಸಿ ಆರು ಗಂಟೆಯೊಳಗೆ ದೋಣಿ ಹತ್ತಿ. ಅರ್ಧ ಗಂಟೆ ಕೂತೇ ಊರು ನೋಡಬಹುದು, ಮಂಡಿಗೂ ರೆಸ್ಟು. ಆಮೇಲೆ ಸುಮ್ನೆ ಅಲೆಯಿರಿ. ಒಂಬತ್ತೂವರೆಯ ಸುಮಾರಿಗೆ ರೈಲು ಹತ್ತಿದರೆ ಹತ್ತಕ್ಕೆಲ್ಲ ಗೆಂಟ್. ಅಲ್ಲಿನ ಗಂಟೆಗೋಪುರ ನೋಡಿ ಮೇಲೆ ಹತ್ತುವ ಆಸೆ ಬರುತ್ತದೆ. 366 ಮೆಟ್ಟಿಲು, ಲಿಫ್ಟ್ ಇಲ್ಲ. ನಿಮ್ಮ ಮನೆಯವರಿಗೆ ಬೇಡವೇ ಬೇಡ.

ಈಗ ಗೆಂಟ್ ಯಾಕೆ ಅನ್ನುವುದು. ಒಂದು ಕಾರಣ ಮೇಲೆ ಹೇಳಿದ ರೈಲು. ಎರಡನೆಯದು, ಇದು ಬದುಕುತ್ತಿರುವ ಊರು. ವಿಶ್ವವಿದ್ಯಾಲಯವಿದೆ, ಸಾವಿರಾರು ವಿದ್ಯಾರ್ಥಿಗಳಿದ್ದಾರೆ, ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು ಮಲಗುವುದಿಲ್ಲ. ಒಂದು ಕಾಲಕ್ಕೆ ಆಲ್ಪ್ಸ್ ಪರ್ವತದ ಉತ್ತರಕ್ಕೆ ಪ್ಯಾರಿಸ್ ಬಿಟ್ಟರೆ ಇದೇ ದೊಡ್ಡ ಊರು ಅನ್ನುತ್ತಾರೆ. ಉಣ್ಣೆ ಬಟ್ಟೆಯ ಊರು. ದಾವಣಗೆರೆಯವರಿಗೆ ಹತ್ತಿ ಗಿರಣಿಗಳ ಕಾಲ ನೆನಪಾಗಬಹುದು. 1500ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಹುಟ್ಟಿದ್ದು ಇಲ್ಲೇ. ಅದೇ ಚಾರ್ಲ್ಸ್‌ಗೆ ಯುದ್ಧದ ತೆರಿಗೆ ಕೊಡುವುದಿಲ್ಲ ಅಂತ ಊರವರು ತಿರುಗಿಬಿದ್ದರು. 1540ರಲ್ಲಿ ಅವನು ಊರಿನ ದೊಡ್ಡ ಮನುಷ್ಯರನ್ನು ಕೊರಳಿಗೆ ನೇಣಿನ ಹಗ್ಗ ಹಾಕಿಸಿ ಬರಿಗಾಲಲ್ಲಿ ನಡೆಸಿದ. ಗೆಂಟ್‌ನವರಿಗೆ ಈಗಲೂ 'ಹಗ್ಗ ತೊಟ್ಟವರು' ಅಂತ ಅಡ್ಡಹೆಸರು. ನಾಚಿಕೆಯಲ್ಲ ಅವರಿಗೆ ಅದು, ಹೆಮ್ಮೆ. ತೆರಿಗೆ ವಿಚಾರದಲ್ಲಿ ಜನ ಎಲ್ಲ ಕಡೆ ಒಂದೇ, ಅಲ್ವಾ?

ಗೆಂಟ್‌ನ ಸೇಂಟ್ ಬಾವೊ ಚರ್ಚಿನಲ್ಲಿ 1432ರಲ್ಲಿ ಮುಗಿದ ಒಂದು ಚಿತ್ರವಿದೆ. ವಾನ್ ಐಕ್ ಅಣ್ಣತಮ್ಮಂದಿರು ಮರದ ಹಲಗೆಗಳ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಮಧ್ಯೆ ಒಂದು ಕುರಿಮರಿ, ಸುತ್ತ ಪೂಜೆಗೆ ನಿಂತ ಜನ. ಚಿತ್ರಕಲೆ ನಮಗೇನು ಗೊತ್ತು ಅನ್ನಬೇಡಿ. ಹುಲ್ಲಿನ ಎಸಳು, ರತ್ನದ ಹೊಳಪು, ಗಡ್ಡದ ಒಂದೊಂದು ಕೂದಲು ನೋಡುತ್ತ ನಿಲ್ಲಲು ಏನೂ ಓದಿರಬೇಕಿಲ್ಲ. ಇದರ ಕಥೆ ಪತ್ತೇದಾರಿ ಕಥೆಯ ಹಾಗಿದೆ. 1934ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಎರಡು ಹಲಗೆ ಕಳುವಾದವು. ಒಂದು ವಾಪಸ್ ಬಂತು. ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ. ಈಗ ಅಲ್ಲಿರುವುದು ಅದರ ನಕಲು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಇಡೀ ಚಿತ್ರವನ್ನೇ ಹೊತ್ತೊಯ್ದು ಆಸ್ಟ್ರಿಯಾದ ಉಪ್ಪಿನ ಗಣಿಯಲ್ಲಿ ಇಟ್ಟಿದ್ದರು. ಟಿಕೆಟ್‌ಗೆ ಸಮಯ ನಿಗದಿ ಇರುತ್ತದೆ. ಮಗಳಿಗೆ ಹೇಳಿ ಮೊದಲೇ ಕಾಯ್ದಿರಿಸಿ.

ಗೆಂಟ್‌ನ ಗಂಟೆಗೋಪುರಕ್ಕೆ ಮೊದಲ ಮಹಡಿವರೆಗೆ ಮೆಟ್ಟಿಲು, ಅಲ್ಲಿಂದ ಮೇಲಕ್ಕೆ ಲಿಫ್ಟ್. ಮೇಲಿನಿಂದ ಊರು ನೋಡುವ ಆಸೆ ಇಲ್ಲಿ ತೀರಿಸಿಕೊಳ್ಳಿ. ನದಿ ದಂಡೆಯ ಗ್ರಾಸ್ಲೈ ಬೀದಿಯಲ್ಲಿ ಸಂಜೆ ಊರವರೆಲ್ಲ ಕಾಲು ಇಳಿಬಿಟ್ಟು ಕೂರುತ್ತಾರೆ, ನೀವೂ ಕೂತುಬಿಡಿ. ಕಾಸು ಖರ್ಚಿಲ್ಲ. 1180ರ ಕೋಟೆ ಗ್ರಾವೆನ್‌ಸ್ಟೇನ್ ಹೊರಗಿನಿಂದ ನೋಡಿದರೆ ಸಾಕು. ಒಳಗೆಲ್ಲ ಕಿರಿದಾದ ಸುತ್ತು ಮೆಟ್ಟಿಲು.

ಗೆಂಟ್‌ನಲ್ಲಿ ಉಳಿಯುವುದರಲ್ಲೂ ಮೂರು ತೊಡಕಿವೆ. ಹಳೇ ಮನೆಗಳನ್ನು ಹೋಟೆಲ್ ಮಾಡಿರುತ್ತಾರೆ, ಮೆಟ್ಟಿಲು ಏಣಿಯ ಹಾಗೆ ಕಡಿದು, ಲಿಫ್ಟ್ ಇರುವುದಿಲ್ಲ. ಕೋಣೆ ಹಿಡಿಯುವ ಮುಂಚೆ ಲಿಫ್ಟ್ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಎರಡನೆಯದು, ದೊಡ್ಡ ಸ್ಟೇಷನ್ ಗೆಂಟ್-ಸಿಂಟ್-ಪೀಟರ್ಸ್ ಊರಿನ ನಡುವಿನಿಂದ ಎರಡೂವರೆ ಕಿಲೋಮೀಟರ್ ಆಚೆ ಇದೆ. ದಿನಾ ಟ್ರಾಮ್ ಹತ್ತಬೇಕು. ಮೂರನೆಯದು ಗಲಾಟೆ. ಓವರ್‌ಪೋರ್ಟ್‌ಸ್ಟ್ರಾಟ್ ಅನ್ನುವುದು ವಿದ್ಯಾರ್ಥಿಗಳ ಪಬ್ಬುಗಳ ಬೀದಿ, ಅದರ ಹತ್ತಿರ ಬೇಡ. ನೀವು ಜುಲೈನಲ್ಲಿ ಹೋಗದೆ ಜೂನ್ ಆರಿಸಿದ್ದು ಒಳ್ಳೆಯದಾಯಿತು. ಜುಲೈ ಮಧ್ಯದಲ್ಲಿ ಹತ್ತು ದಿನ ಊರಹಬ್ಬ ನಡೆಯುತ್ತದೆ. ಕೋಣೆಯೂ ಇಲ್ಲ, ನಿದ್ದೆಯೂ ಇಲ್ಲ.

ಮಂಡಿ ನೋವಿನವರಿಗೆ ನಿಜವಾದ ಶತ್ರು ದೂರವಲ್ಲ, ನೆಲ. ಅಲ್ಲಿನ ಉಬ್ಬು ಕಲ್ಲುಗಳಿಗೆ ಡಚ್ಚಿನಲ್ಲಿ 'ಕಿಂಡರ್‌ಕೋಪ್ಯೆಸ್' ಅಂತಾರೆ, ಅಂದರೆ ಮಕ್ಕಳ ತಲೆ. ಮಳೆ ಬಂದರೆ ಜಾರುತ್ತದೆ. ಜೂನ್ ಆದರೂ ಮಳೆ ಬರುತ್ತದೆ. ಸೀರೆಗೆ ಹೊಂದುವ ಚಪ್ಪಲಿ ಬೇಡ, ದಪ್ಪ ಅಡಿಯ ಶೂ ಈಗಲೇ ಕೊಂಡು ಊರಲ್ಲೇ ಪಳಗಿಸಿಕೊಳ್ಳಲಿ. ಹೊಸ ಶೂ ಹಾಕಿಕೊಂಡು ಅಲ್ಲಿಗೇ ಹೋದವರ ಕಾಲಿಗೆ ಪ್ಲಾಸ್ಟರ್ ಹಚ್ಚಿದ ಕೈ ಇದು.

ಬ್ರಸೆಲ್ಸ್‌ಗೆ ಒಂದು ಇಡೀ ದಿನ ಕೊಡಿ. ನಗರದ ಮಧ್ಯೆ ಮುಖ್ಯವಾಗಿ ಮೂರು ಸ್ಟೇಷನ್‌ಗಳಿವೆ: ಉತ್ತರ, ಸೆಂಟ್ರಲ್, ದಕ್ಷಿಣ. ನೀವು ಇಳಿಯಬೇಕಾದ್ದು ಸೆಂಟ್ರಲ್. ಗ್ರಾಂ ಪ್ಲಾಸ್ ಅಲ್ಲಿಂದ ಐದಾರು ನಿಮಿಷದ ನಡಿಗೆ. 1695ರಲ್ಲಿ ಫ್ರೆಂಚ್ ಸೈನ್ಯದ ಫಿರಂಗಿಗೆ ಆ ಚೌಕ ಸುಟ್ಟುಹೋಯಿತು. ಪುರಭವನದ ಗೋಪುರ ಉಳಿಯಿತು. ಬೇರೆ ಬೇರೆ ಕಸುಬಿನ ಸಂಘಗಳು ಕೆಲವೇ ವರ್ಷಗಳಲ್ಲಿ ತಮ್ಮ ತಮ್ಮ ಕಟ್ಟಡಗಳನ್ನು ಪೈಪೋಟಿಯಿಂದ ಮತ್ತೆ ಕಟ್ಟಿದವು. ಒಂದೊಂದರ ನೆತ್ತಿಯ ಮೇಲೂ ಒಂದೊಂದು ಚಿನ್ನದ ಬಣ್ಣದ ಗುರುತು. ಅಲ್ಲಿಂದ 1847ರ ಗಾಜಿನ ಮಾಡಿನ ಗ್ಯಾಲರಿಗಳಿಗೆ ಹೋಗಿ. ಒಳಗೆ ತುಂಬಿಸಿದ ಚಾಕೊಲೇಟ್ 'ಪ್ರಾಲೀನ್' ಹುಟ್ಟಿದ್ದು ಅಲ್ಲಿನ ನೋಯ್‌ಹೌಸ್ ಅಂಗಡಿಯಲ್ಲಿ, 1912ರಲ್ಲಿ. ಆ ಮನೆತನದ ಹಿರಿಯ ಶುರು ಮಾಡಿದ್ದು ಔಷಧಿ ಅಂಗಡಿ ಅನ್ನುವುದು ತಮಾಷೆ. ಅಟೋಮಿಯಂ 1958ರ ವಿಶ್ವ ಮೇಳಕ್ಕೆ ಕಟ್ಟಿದ್ದು, 102 ಮೀಟರ್. ಕಬ್ಬಿಣದ ಹರಳೊಂದನ್ನು 16,500 ಕೋಟಿ ಪಟ್ಟು ದೊಡ್ಡದು ಮಾಡಿದ ರೂಪ. ಮೆಟ್ರೋದಲ್ಲಿ ಹೋಗಿ ಹೊರಗಿನಿಂದ ನೋಡಿ ಬಂದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮೊಮ್ಮಕ್ಕಳಿದ್ದರೆ ಬೇರೆ ಮಾತು.

ಕಳ್ಳರ ಭಯದಲ್ಲಿ ಅರ್ಧ ನಿಜ. ಹೊಡೆದು ಬಡಿದು ಕಿತ್ತುಕೊಳ್ಳುವುದಕ್ಕಿಂತ ಗಮನ ಬೇರೆಡೆ ಸೆಳೆದು ಎತ್ತುವುದೇ ಹೆಚ್ಚು. ದಕ್ಷಿಣ ಸ್ಟೇಷನ್, ಅಂದರೆ ಫ್ರೆಂಚಿನಲ್ಲಿ ಮಿಡಿ, ಇದಕ್ಕೆ ಹೆಸರುವಾಸಿ. ಒಬ್ಬ ನಿಮ್ಮ ಕೋಟಿನ ಮೇಲೆ ಏನೋ ಚೆಲ್ಲಿದೆ ಅಂತ ಒರೆಸಲು ಬರುತ್ತಾನೆ, ಇನ್ನೊಬ್ಬ ಕೆಳಗಿಟ್ಟ ಬ್ಯಾಗು ಎತ್ತುತ್ತಾನೆ. ನನ್ನ ಗುಂಪಿನ ಒಬ್ಬ ತಾಯಿಯ ಕೈಚೀಲ ಹೀಗೇ ಹೋಯಿತು, ನಾನು ಎರಡು ಅಡಿ ದೂರದಲ್ಲಿ ನಿಂತು ಜನ ಎಣಿಸುತ್ತಿದ್ದೆ. ಪೊಲೀಸ್ ದೂರು, ರಾಯಭಾರ ಕಚೇರಿ, ಪ್ರವಾಸದ ಎರಡು ದಿನ ಅದರಲ್ಲೇ ಮುಗಿಯಿತು. ನೀವು ಗೆಂಟ್‌ನಲ್ಲಿ ಸೂಟ್‌ಕೇಸ್ ಬಿಟ್ಟು ಕೈಬೀಸಿಕೊಂಡು ಬ್ರಸೆಲ್ಸ್‌ಗೆ ಹೋದರೆ ಈ ಅಪಾಯ ಮುಕ್ಕಾಲು ಪಾಲು ಹೋಗುತ್ತದೆ. ಪಾಸ್‌ಪೋರ್ಟ್ ಬಟ್ಟೆಯ ಒಳಗಿನ ಚೀಲದಲ್ಲಿರಲಿ.

ಊಟದ ವಿಷಯ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ. 'ಏನಿಲ್ಲದಿದ್ದರೂ ಆಲೂಗಡ್ಡೆ ಚಿಪ್ಸ್ ಸಿಗುತ್ತೆ' ಅಂತ ಎಲ್ಲರೂ ಧೈರ್ಯ ಹೇಳುತ್ತಾರೆ. ಬೆಲ್ಜಿಯಂನ ಫ್ರೈಸ್ ಜಗತ್ಪ್ರಸಿದ್ಧ, ನಿಜ. ಆದರೆ ಸಂಪ್ರದಾಯದ ಅಂಗಡಿಗಳಲ್ಲಿ ಅದನ್ನು ಎರಡು ಸಲ ಕರಿಯುವುದು ದನದ ಕೊಬ್ಬಿನಲ್ಲಿ. ಅಂಗಡಿಯವರು ಮುಚ್ಚಿಡುವುದಿಲ್ಲ, ಕೇಳಿದರೆ ಹೇಳುತ್ತಾರೆ. ನಮ್ಮವರು ಕೇಳುವುದಿಲ್ಲ ಅಷ್ಟೇ. ಸಸ್ಯದ ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ಅಲ್ಲೂ ಅದೇ ಬಾಣಲೆಯಲ್ಲಿ ಮಾಂಸ ಕರಿಯುತ್ತಾರಾ ಅಂತ ಕೇಳಿಕೊಳ್ಳಿ. ವಾಫಲ್ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ತರಕಾರಿ ಸೂಪಿನ ನೀರು ಎಷ್ಟೋ ಸಲ ಮಾಂಸ ಬೇಯಿಸಿದ್ದು. ಕೆಲವು ಪ್ರಾಲೀನ್‌ಗಳಲ್ಲಿ ಮದ್ಯ ಇರುತ್ತದೆ. ಚೀಸ್ ಗಟ್ಟಿ ಮಾಡಲು ಕರುವಿನ ಹೊಟ್ಟೆಯ ಪದಾರ್ಥ ಬಳಸುವುದುಂಟು.

ದಾರಿ ಇಲ್ಲವೆಂದಲ್ಲ. 'ವೆಜಿಟೇರಿಯನ್' ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರುತ್ತದೆ, ಕೆಲವರ ಲೆಕ್ಕದಲ್ಲಿ ಮೀನೂ ಸೇರಿಬಿಡುತ್ತದೆ. ನೀವು 'ವೀಗನ್' ಅನ್ನಿ, ಅಂದರೆ ಮಾಂಸ, ಮೊಟ್ಟೆ, ಹಾಲು ಯಾವುದೂ ಬೇಡದವರು. ಹಾಲು ಮೊಸರು ಬೇಕಿದ್ದರೆ ಅದನ್ನು ಆಮೇಲೆ ಸೇರಿಸಿ ಕೇಳಿ. ಕೆಳಗಿನಿಂದ ಮೇಲೆ ಹತ್ತುವುದು ಸುಲಭ. ಮೊಟ್ಟೆಯ ವಿಷಯದಲ್ಲಿ ಕಾನೂನೂ ನಿಮ್ಮ ಕಡೆಗಿದೆ. ಯೂರೋಪಿನಲ್ಲಿ ಅಲರ್ಜಿ ತರಬಹುದಾದ 14 ಪದಾರ್ಥಗಳ ಪಟ್ಟಿಯಲ್ಲಿ ಮೊಟ್ಟೆ ಇದೆ. ಹೋಟೆಲಿನವರು, ಬೇಕರಿಯವರು ಕೇಳಿದಾಗ ಹೇಳಲೇಬೇಕು. ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲೇ ಇರುತ್ತದೆ. ಗೆಂಟ್ ಆರಿಸಿದ್ದಕ್ಕೆ ಇದೂ ಒಂದು ಕಾರಣ: ವಾರಕ್ಕೊಂದು ದಿನ ಮಾಂಸ ಬಿಡೋಣ ಅಂತ 2009ರಲ್ಲೇ ನಗರಾಡಳಿತ ಗುರುವಾರವನ್ನು ಸಸ್ಯಾಹಾರದ ದಿನ ಮಾಡಿತು. ಆವಾಗಿನಿಂದ ಅಲ್ಲಿನ ಅಡುಗೆಯವರಿಗೆ ನಮ್ಮಂಥವರು ವಿಚಿತ್ರ ಪ್ರಾಣಿಗಳಲ್ಲ.

ಅದಕ್ಕಿಂತಲೂ ಒಳ್ಳೆಯದು ಅಡುಗೆಮನೆ ಇರುವ ಕೋಣೆ ಹಿಡಿಯುವುದು. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು ಆದರೆ ಮಧ್ಯಾಹ್ನ ಏನಾದರೂ ನಡೆಯುತ್ತದೆ. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆಯಿರಿ, ಅಲ್ಲಿನ ಮನೆಗಳಲ್ಲಿ ಹೊಗೆ ಕಂಡರೆ ಕೂಗುವ ಅಲಾರಂ ಇರುತ್ತದೆ. ಮಂಡಕ್ಕಿ ಒಯ್ಯಿರಿ ಅಂತ ದಾವಣಗೆರೆಯವರಿಗೆ ನಾನು ಹೇಳಬೇಕಿಲ್ಲ. ಆದರೆ ಊರಿಂದ ಹೊರಡುವಾಗ ತುಪ್ಪ, ಪೇಡಾ ಕಟ್ಟಿಕೊಳ್ಳಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ ತರುವುದಕ್ಕೆ ಯೂರೋಪಿನಲ್ಲಿ ನಿಷೇಧವಿದೆ, ಕಂಡರೆ ಎಸೆಯುತ್ತಾರೆ. ಹೋಟೆಲಿನಲ್ಲಿ ಕುಡಿಯುವ ನೀರಿಗೂ ಬಿಲ್ ಬರುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಂಡು ಹೊರಡಿ. ಶೌಚಾಲಯಕ್ಕೆ ಅರ್ಧ ಯೂರೋ, ಒಂದು ಯೂರೋ ಚಿಲ್ಲರೆ ಜೇಬಲ್ಲಿರಲಿ.

ಭಾಷೆಗೆ ಬಂದರೆ, ಫ್ರೆಂಚ್ ಬರದಿರುವುದು ನಿಮಗೆ ಅನುಕೂಲವೇ. ಗೆಂಟ್, ಬ್ರೂಜ್, ಆಂಟ್‌ವರ್ಪ್ ಇರುವುದು ಡಚ್ ಮಾತಾಡುವ ಫ್ಲಾಂಡರ್ಸ್‌ನಲ್ಲಿ. ಅಲ್ಲಿ ಫ್ರೆಂಚಿನಲ್ಲಿ ಮಾತು ಶುರು ಮಾಡುವುದು ನಮ್ಮೂರ ಬ್ಯಾಂಕ್ ಕೌಂಟರಿನಲ್ಲಿ ಹಿಂದಿಯಲ್ಲಿ ಶುರು ಮಾಡಿದ ಹಾಗೆ. ಇಂಗ್ಲಿಷ್ ಆದರೆ ನಗುತ್ತ ಉತ್ತರ ಕೊಡುತ್ತಾರೆ. ಭಾಷೆಯ ಜಗಳ ಅಲ್ಲಿ ಎಷ್ಟಿತ್ತೆಂದರೆ, 1968ರ ಗಲಾಟೆಯ ನಂತರ ಲೂವೆನ್ ವಿಶ್ವವಿದ್ಯಾಲಯ ಎರಡು ಹೋಳಾಯಿತು. ಗ್ರಂಥಾಲಯದ ಪುಸ್ತಕಗಳನ್ನು ಸಮಸಂಖ್ಯೆ, ಬೆಸಸಂಖ್ಯೆ ಅಂತ ಹಂಚಿಕೊಂಡರು. ನಿಮಗೆ ಇದರಿಂದ ಆಗುವ ತೊಂದರೆ ಸ್ಟೇಷನ್ ಬೋರ್ಡಿನಲ್ಲಿ. ಒಂದೇ ಊರಿಗೆ ಎರಡು ಹೆಸರು, ರೈಲು ಯಾವ ಭಾಷೆಯ ನೆಲದಲ್ಲಿದೆಯೋ ಆ ಹೆಸರು. ಬ್ರೂಜ್ 'ಬ್ರುಖೆ' ಆಗಿರುತ್ತದೆ. ಮಾನ್ಸ್ 'ಬೆರ್ಗೆನ್' ಆಗುತ್ತದೆ. ಲಿಯೆಜ್ 'ಲಾಯ್ಕ್' ಆಗುತ್ತದೆ, ಮಂಗಳೂರಿನವರಿಗೆ ಇದೊಂದು ಮರೆಯುವುದಿಲ್ಲ.

ರೈಲಿನ ಬಗ್ಗೆ ಒಂದು ಎಚ್ಚರಿಕೆ. ಬೆಲ್ಜಿಯಂನಲ್ಲಿ ರೈಲ್ವೆ ಮುಷ್ಕರ ಅಪರೂಪವಲ್ಲ. ಯಾವ ರೈಲು ಓಡುತ್ತದೆ ಅನ್ನುವುದನ್ನು ಹಿಂದಿನ ದಿನ ರೈಲ್ವೆಯ ಆ್ಯಪ್‌ನಲ್ಲಿ ಹಾಕುತ್ತಾರೆ. ಐದು ಹೋಟೆಲ್ ಬುಕ್ ಮಾಡಿದವರು ಅಂಥ ದಿನ ಒದ್ದಾಡುತ್ತಾರೆ. ಒಂದೇ ಕಡೆ ಉಳಿದವರು ಬ್ರಸೆಲ್ಸನ್ನು ನಾಳೆಗೆ ತಳ್ಳಿ ಗೆಂಟ್‌ನಲ್ಲೇ ಸುತ್ತುತ್ತಾರೆ. ಟಿಕೆಟನ್ನು ಹತ್ತುವ ಮುಂಚೆಯೇ ಕೊಳ್ಳಿ, ರೈಲಿನೊಳಗೆ ಕೊಂಡರೆ ಹೆಚ್ಚು ದುಡ್ಡು.

ದಿನಾಂ ಯಾಕೆ ಬಿಡಬೇಕು? ಮ್ಯೂಸ್ (ಡಚ್ಚಿನಲ್ಲಿ ಮಾಸ್) ನದಿ, ನೆಟ್ಟಗೆ ನಿಂತ ಬಂಡೆ, ಅದರ ಮೇಲೆ ಕೋಟೆ, ಕೆಳಗೆ ಚರ್ಚು. ಸ್ಯಾಕ್ಸೊಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಹುಟ್ಟಿದ ಊರು. ನಮ್ಮ ಕದ್ರಿ ಗೋಪಾಲನಾಥರು ಆ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದನ್ನು ಕೇಳಿದವರಿಗೆ ಹೋಗುವ ಆಸೆ ಆಗುತ್ತದೆ, ನನಗೂ ಆಗಿತ್ತು. ಆದರೆ ಗೆಂಟ್‌ನಿಂದ ಹೋಗಿ ಬರುವುದರಲ್ಲೇ ನಾಲ್ಕೈದು ಗಂಟೆ ರೈಲಿನಲ್ಲಿ. ಐದು ದಿನದಲ್ಲಿ ಅದು ಹಿಡಿಸುವುದಿಲ್ಲ.

ಆಂಟ್‌ವರ್ಪ್ ಕೊನೆಯ ದಿನಕ್ಕೆ ಇಟ್ಟಿದ್ದಕ್ಕೆ ಕಾರಣವಿದೆ. ಅದು ನಿಮ್ಮ ವಾಪಸ್ ದಾರಿಯಲ್ಲೇ ಇದೆ. ಅಲ್ಲಿಂದ ವೇಗದ ರೈಲು ಹಿಡಿದರೆ ರಾಟರ್‌ಡ್ಯಾಮ್ ಒಂದು ಗಂಟೆಯೊಳಗೆ. 1905ರ ಸ್ಟೇಷನ್ ಕಟ್ಟಡ ನೋಡಲಿಕ್ಕೇ ಜನ ಬರುತ್ತಾರೆ. ಸಾಮಾನನ್ನು ಅಲ್ಲಿನ ಲಾಕರಿನಲ್ಲಿ ಇಡಿ. ಹೊರಗೆ ಬಂದರೆ ವಜ್ರದ ಬೀದಿಗಳು. 1960ರ ದಶಕದಿಂದ ಗುಜರಾತಿನ ಪಾಲನ್‌ಪುರದ ಜೈನ ವ್ಯಾಪಾರಿಗಳು ಬಂದು ನೆಲೆಸಿದರು. ಈಗ ಆ ವ್ಯಾಪಾರದಲ್ಲಿ ಭಾರತೀಯರದ್ದೇ ದೊಡ್ಡ ಪಾಲು. ವಿಲ್ರೈಕ್ ಬಡಾವಣೆಯಲ್ಲಿ ಬಿಳಿ ಅಮೃತಶಿಲೆಯ ಜೈನ ಮಂದಿರವೂ ಇದೆ. ಅವರಿಂದಾಗಿ ಸ್ಟೇಷನ್ ಸುತ್ತಮುತ್ತ ನಮ್ಮ ಸಸ್ಯಾಹಾರಿ ಊಟ ಸಿಗುತ್ತದೆ. ನಾಲ್ಕು ದಿನದ ನಂತರ ಬಿಸಿ ರೊಟ್ಟಿ ದಾಲ್ ಕಂಡಾಗ ನಿಮ್ಮ ಮನೆಯವರು ನನ್ನನ್ನು ನೆನೆಸಿಕೊಳ್ಳಬಹುದು. ವಜ್ರ ಕೊಳ್ಳುವ ಮಾತು ಬೇಡ, 'ಇಲ್ಲಿ ಅಗ್ಗ' ಅನ್ನುವುದು ಪ್ರವಾಸಿಗರಿಗೆ ಹೇಳುವ ಕಥೆ.

ನಿಮಗಾಗಿ ಅಲ್ಲಿ ಇನ್ನೊಂದಿದೆ. ಬ್ರೂಜ್‌ನಿಂದ ಹೊರಟ ಹಣ ಬಂದು ಸೇರಿದ್ದು ಈ ಊರಿಗೆ. ವ್ಯಾಪಾರಿಗಳಿಗೆಂದೇ 1531ರಲ್ಲಿ ಕಟ್ಟಿದ ವಿನಿಮಯ ಕೇಂದ್ರದ ಜಾಗ ಈಗಲೂ ಇದೆ. ಕಟ್ಟಡ ಮಾತ್ರ ಬೆಂಕಿಯ ನಂತರ 19ನೇ ಶತಮಾನದಲ್ಲಿ ಕಟ್ಟಿದ್ದು. 1585ರಲ್ಲಿ ಸ್ಪೇನಿನವರು ಆಂಟ್‌ವರ್ಪ್ ಹಿಡಿದರು, ಡಚ್ಚರು ಅಲ್ಲಿಗೆ ಹಡಗು ಬರುವ ಸ್ಕೆಲ್ಟ್ ನದಿಯ ಬಾಯಿ ಮುಚ್ಚಿದರು. ಹಣ ಮತ್ತೆ ಗಂಟು ಕಟ್ಟಿ ಆಮ್‌ಸ್ಟರ್‌ಡ್ಯಾಮ್‌ಗೆ ಹೋಯಿತು. ಈಗ ಯೂರೋಪಿನ ಅತಿ ದೊಡ್ಡ ಬಂದರು ನಿಮ್ಮ ಮಗಳ ಊರಾದ ರಾಟರ್‌ಡ್ಯಾಮ್, ಎರಡನೆಯದು ಆಂಟ್‌ವರ್ಪ್.

ಇನ್ನು ವಾರದ ದಿನಗಳ ಲೆಕ್ಕ. ಸೋಮವಾರ ಬಹಳಷ್ಟು ಮ್ಯೂಸಿಯಂಗಳಿಗೆ ರಜೆ. ಹಾಗಾಗಿ ಮಂಗಳವಾರ ಬೆಳಿಗ್ಗೆ ಮಗಳ ಮನೆ ಬಿಡಿ, ಮಧ್ಯಾಹ್ನಕ್ಕೆ ಗೆಂಟ್. ಬುಧವಾರ ಬೆಳಿಗ್ಗೆ ಆರಾಮಾಗಿದ್ದು ಮಧ್ಯಾಹ್ನದ ಮೇಲೆ ಬ್ರೂಜ್. ಗುರುವಾರ ಗೆಂಟ್‌ನಲ್ಲೇ. ಶುಕ್ರವಾರ ಬ್ರಸೆಲ್ಸ್. ಶನಿವಾರ ಆಂಟ್‌ವರ್ಪ್, ರಾತ್ರಿ ಊಟಕ್ಕೆ ಮಗಳ ಮನೆ.

ಮೊದಲ ಸಂಜೆ ದಣಿದಿರುತ್ತೀರಿ, ಏನೂ ನೋಡಲು ಹೋಗಬೇಡಿ. ಕೋಟೆಯ ಎದುರಿನ ಸಿಂಟ್-ವೇರ್ಲ ಚೌಕದಲ್ಲಿ ಒಂದು ಬೆಂಚು ಹಿಡಿದು ಕೂತುಕೊಳ್ಳಿ. ಅಲ್ಲಿನ ದೀಪಗಳಿಗೂ ಊರಿನ ಹೆರಿಗೆ ಆಸ್ಪತ್ರೆಗಳಿಗೂ ತಂತಿ ಜೋಡಿಸಿದ್ದಾರೆ. ಮಗು ಹುಟ್ಟಿದಾಗ ತಾಯಿ-ತಂದೆ ಒಂದು ಗುಂಡಿ ಒತ್ತುತ್ತಾರೆ, ಚೌಕದ ದೀಪ ಮೆಲ್ಲಗೆ ಮಿನುಗುತ್ತದೆ. ಜೂನ್ ಆದ್ದರಿಂದ ಕತ್ತಲಾಗಲು ಹತ್ತು ಗಂಟೆ ದಾಟಬೇಕು. ಸ್ವೆಟರ್ ಒಯ್ಯಿರಿ.